ರೈತರ ಹೆಬ್ಬೆಟ್ಟು

ಸಂತೆ ಸಮಿತಿಯ ಕಾರ್ಯದರ್ಶಿ ಅವಳ ಮುಂದಿದ್ದ ಹಸಿರು ಮಸಿಯ ಪ್ಯಾಡನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ.

"ತಪ್ಪು ತಿಳ್ಕೋಬೇಡಿ ಅಮ್ಮಾ. ನಮ್ಮ ಸಂತೇಲಿ ರೈತರೇ ಹೆಬ್ಬೆಟ್ಟು ಒತ್ತಬೇಕು. ಹದಿನಾಲ್ಕನೇ ಮಳಿಗೆ ರೈತರು ಅಂತ ಪುಸ್ತಕದಲ್ಲಿ ನಿಮ್ಮ ಯಜಮಾನ್ರ ಹೆಸರಿದೆ."

"ಅವರು ತೀರ್ಕೊಂಡು ಮೂರು ತಿಂಗಳಾಯ್ತು. ಹೂ ತಂದಿಟ್ಟವರು ನೀವೇ."

"ಅದನ್ನೇ ಹೇಳ್ತಿರೋದು. ಮೂರು ತಿಂಗಳಿಂದ ಈ ಮಳಿಗೇಲಿ ರೈತರೇ ಇಲ್ಲ."

ನದಿ ದಂಡೆಯ ಈ ಭಾನುವಾರದ ರೈತಸಂತೆಯಿಂದ ಜನ ತರಕಾರಿ ಒಯ್ಯುವುದಕ್ಕಿಂತ ಸಂತೆಗೆ ಮಕ್ಕಳನ್ನು ಕರೆತರುವುದೇ ಹೆಚ್ಚು. ಬಾಗಿಲಲ್ಲೇ ಪ್ರತಿ ಮಗುವಿಗೂ ಒಂದು ಪೆನ್ಸಿಲ್, ಪ್ರಶ್ನೆಗಳನ್ನು ಅಚ್ಚು ಹಾಕಿಸಿದ ಒಂದು ಹಾಳೆ. ರೈತರನ್ನು ಕೇಳಿ ಉತ್ತರ ಬರೆದುಕೊಂಡು, ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಂದು ಐಸ್‌ಕ್ಯಾಂಡಿ. ಸಹಿ ಯಾಕಾಗದು ಎಂದು ಅವಳೊಮ್ಮೆ ಕೇಳಿದ್ದಳು; ಸಸ್ಯಶಾಸ್ತ್ರದಲ್ಲಿ ಪದವಿ ಪಡೆದವಳು. "ಸಹಿ ಅಂದ್ರೆ ಆಫೀಸು ವಾಸನೆ. ಹೆಬ್ಬೆಟ್ಟಲ್ಲಿ ಮಣ್ಣಿನ ಘಮ ಇರುತ್ತೆ" ಎಂದಿದ್ದ ಕಾರ್ಯದರ್ಶಿ. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಸಹಿ ಹಾಕಿಸಿಕೊಂಡು ನಿವೃತ್ತನಾದವನು.

ಗಂಡನ ಹೆಬ್ಬೆಟ್ಟಿಗೆ ಮಣ್ಣು ಅಂಟಿದ್ದೇ ಕಡಿಮೆ. ಅವನು ದೋಣಿ ನಡೆಸುತ್ತಿದ್ದ, ಗಿರಾಕಿಗಳ ಹತ್ತಿರ ಹರಟುತ್ತಿದ್ದ. ಸಸಿ ನೆಟ್ಟವಳು, ಕಳೆ ಕಿತ್ತವಳು, ಗೊಬ್ಬರ ಹೊತ್ತವಳು ಅವಳು. ಸಂತೆಯ ಅರ್ಜಿಯಲ್ಲಿ 'ರೈತರ ಹೆಸರು' ಎಂದಿದ್ದ ಕಡೆ ತನ್ನ ಕೈಯಾರೆ ಅವನ ಹೆಸರು ತುಂಬಿದವಳೂ ಅವಳೇ. ಆಗ ಇಬ್ಬರೂ ನಕ್ಕಿದ್ದರು.

"ಬೆಳೆಯೋಳು ನಾನೇ. ನನ್ನ ಹೆಸರೇ ಬರ್ಕೊಳ್ಳಿ."

"ಅಯ್ಯೋ, ನನಗೆ ಗೊತ್ತಿಲ್ವಾ? ಆದ್ರೆ ಮಕ್ಕಳಿಗೆ ನೋಡಿದ ತಕ್ಷಣ ರೈತರು ಅಂತ ಗೊತ್ತಾಗ್ಬೇಕು. ಒಂದು ಮೀಸೆ, ಒಂದು ಟೋಪಿ..." ಅವನ ಕಣ್ಣು ಅತ್ತಿತ್ತ ಅಲೆದು, ದೋಣಿಯಿಂದ ಬುಟ್ಟಿ ಇಳಿಸುತ್ತಿದ್ದ ಅವಳ ಮೈದುನನ ಮೀಸೆಯ ಮೇಲೆ ನಿಂತಿತು. "ಸಮಿತಿಯವರು ಬರೋ ಹೊತ್ತಿಗೆ ಇಲ್ಲೊಬ್ಬರು ರೈತರು ಕೂತಿರ್ಲಿ. ಇಲ್ಲಾಂದ್ರೆ ಈ ಜಾಗ ಸುವಾಸನೆ ಮೇಣದಬತ್ತಿಯವರಿಗೆ. ಅವರು ಆಗ್ಲೇ ಅಳತೆ ತಗೊಂಡು ಹೋಗಿದಾರೆ."

ಬೆಳೆದದ್ದನ್ನು ಮಾರಲು ಅವಳಿಗಿದ್ದದ್ದು ಇದೊಂದೇ ಜಾಗ.

ಮೈದುನ ಮೊಬೈಲ್ ರಿಪೇರಿಯವನು. ಎರೆಹುಳು ಕಂಡರೆ ಹಾವು ತುಳಿದವನಂತೆ ಹಾರುವ ಆಸಾಮಿ. ಕಾರ್ಯದರ್ಶಿ ಎಲ್ಲಿಂದಲೋ ಒಂದು ಹುಲ್ಲಿನ ಟೋಪಿ ತಂದು ತಲೆಗಿಟ್ಟದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು.

"ಏನಾದ್ರೂ ಕೇಳಿದ್ರೆ ಏನ್ ಹೇಳ್ಲಿ ಅತ್ತಿಗೆ?"

"ಹಿಂದೆ ನಿಂತಿರ್ತೀನಿ. ಹೇಳ್ಕೊಡ್ತೀನಿ."

ಮೊದಲು ಬಂದದ್ದು ಕಪ್ಪು ಕನ್ನಡಕದ ತಾಯಿ, ಅವಳ ಮಗಳು, ಮಗ. "ನೋಡಿ ಮಕ್ಕಳೇ, ಇವರೇ ನಿಜವಾದ ರೈತರು!" ಎಂದು ತಾಯಿ ಫೋನ್ ಎತ್ತಿ ಹಿಡಿದಳು. ಆಮೇಲೆ ಮೈದುನನ ಹಿಂದೆ ನಿಂತಿದ್ದ ಅವಳ ಕಡೆ ತಿರುಗಿ, "ನೀವು ಸ್ವಲ್ಪ ಸರೀತೀರಾ? ಮಧ್ಯೆ ಬರ್ತಿದೀರಿ" ಎಂದಳು. ಅವಳು ಬಾಳೆಗೊನೆಯ ಹಿಂದಕ್ಕೆ ಸರಿದಳು.

"ಬದನೆಕಾಯಿ ಬಿಡೋಕೆ ಎಷ್ಟು ದಿನ ಬೇಕು?" ಹುಡುಗಿ ಹಾಳೆ ನೋಡಿ ಓದಿದಳು.

"ಎರಡು ತಿಂಗಳು" ಎಂದು ಗೊನೆಯ ಹಿಂದಿನಿಂದ ಪಿಸುಮಾತು.

"ಎರಡು ತಿಂಗಳು!" ಎಂದು ಮೈದುನ ಗುಡುಗಿದ.

"ಗಿಡಕ್ಕೆ ಹುಳ ಬಂದ್ರೆ?"

"ಬೂದಿ."

"ಬೂದಿ!"

ಸುತ್ತ ಜನ ಸೇರಿದರು. "ಇದನ್ನೆಲ್ಲ ಯಾವ ಕಾಲೇಜಲ್ಲೂ ಹೇಳ್ಕೊಡಲ್ಲ ಬಿಡಿ" ಎಂದು ಒಬ್ಬರು ನಿಟ್ಟುಸಿರಿಟ್ಟರು. ಮೈದುನನಿಗೆ ರಂಗೇರಿತು. "ನಾನು ಹುಟ್ಟಿದ್ದೇ ಮಣ್ಣಲ್ಲಿ" ಎಂದು ಯಾರೂ ಕೇಳದ ಮಾತೊಂದನ್ನು ಸ್ವಂತಕ್ಕೆ ಸೇರಿಸಿದ. ಅಷ್ಟರಲ್ಲಿ ಸಮಿತಿಯವರೂ ಬಂದು ನಿಂತಿದ್ದರು. ಕಾರ್ಯದರ್ಶಿ ಪುಸ್ತಕ ತೆರೆದು, ಹದಿನಾಲ್ಕನೇ ಸಾಲಿನಲ್ಲಿ ಅವಳ ಗಂಡನ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ಮೈದುನನ ಹೆಸರು ಬರೆಯಲು ಶುರುಮಾಡಿದ. ಅಕ್ಷರ ದುಂಡಗಿತ್ತು.

"ಅನಾನಸ್ ಮರ ಎಷ್ಟು ಎತ್ತರ ಇರುತ್ತೆ?" ಈಗ ಹುಡುಗನ ಸರದಿ. ಅವನ ಹಾಳೆಯಲ್ಲಿ ಅಚ್ಚಾಗಿದ್ದದ್ದೇ ಹಾಗೆ.

ಮೈದುನ ಹಿಂದಕ್ಕೆ ವಾಲಿ ಕಿವಿಗೊಟ್ಟ.

ಅನಾನಸ್ ಗಿಡ ಅವಳ ಮೊಣಕಾಲಿಗೆ ಬರುತ್ತದೆ. ಅದರ ಎಲೆಯ ಮುಳ್ಳು ಗೀರಿದ ಗೆರೆಗಳು ಅವಳ ಎರಡೂ ಕೈಗಳ ಮೇಲೆ ಇನ್ನೂ ಹಸಿಯಾಗಿದ್ದವು. ಈಗ ಒಂದು ಪಿಸುಮಾತು ಹೇಳಿದರೆ ಮಳಿಗೆ ಉಳಿಯುತ್ತದೆ, ಮೈದುನನ ಹೆಸರಿನಲ್ಲಿ. ಸುಮ್ಮನಿದ್ದರೆ ಇಷ್ಟು ಜನರ ಎದುರು ಅವನ ಬಣ್ಣ ಬಯಲಾಗುತ್ತದೆ, ಮಳಿಗೆಯೂ ಹೋಗುತ್ತದೆ. ಹೋದರೆ ಹೋಗಲಿ. ಅವಳು ತುಟಿ ಬಿಗಿದು ನದಿಯ ಕಡೆ ನೋಡುತ್ತ ನಿಂತಳು.

"ಅತ್ತಿಗೇ..." ಮೈದುನ ಹಲ್ಲಿನ ನಡುವಿನಿಂದಲೇ ಕರೆದ. ಕೊನೆಗೆ ಅವನು ಗಂಟಲು ಸರಿಮಾಡಿಕೊಂಡು, ಟೋಪಿ ಹಿಂದಕ್ಕೆ ತಳ್ಳಿ, ದಡದ ತೆಂಗಿನ ಮರಗಳನ್ನು ಒಮ್ಮೆ ಕಣ್ಣಲ್ಲೇ ಅಳೆದ.

"ತೆಂಗಿನ ಮರಕ್ಕಿಂತ ಸ್ವಲ್ಪ ಗಿಡ್ಡ ಮಗೂ. ಆದ್ರೆ ಹತ್ತೋದು ಕಷ್ಟ."

ಯಾರಾದರೂ ನಗುತ್ತಾರೆಂದು ಅವಳು ಕಾದಳು. ಕಾರ್ಯದರ್ಶಿ ತಲೆದೂಗಿದ. ಸಮಿತಿಯ ಹಿರಿಯರೊಬ್ಬರು "ಅನುಭವ, ಅನುಭವ" ಎಂದರು. ಹುಡುಗ ಮಾತ್ರ ಪೆನ್ಸಿಲ್ ಕಚ್ಚಿಕೊಂಡು, ಮುಂದಿದ್ದ ಅನಾನಸನ್ನು ಬೆರಳಿನಿಂದ ಒತ್ತಿ ನೋಡಿದ.

"ಅಮ್ಮಾ, ಅಷ್ಟು ಮೇಲಿಂದ ಬಿದ್ರೆ ಇದು ಅಪ್ಪಚ್ಚಿ ಆಗಲ್ವಾ?"

"ತರಲೆ ಮಾಡ್ಬೇಡ, ಬರ್ಕೋ" ಎಂದಳು ತಾಯಿ, ಫೋನ್ ಇಳಿಸದೆ. "ರೈತರೇ ಹೇಳ್ತಿದಾರಲ್ಲ."