ದಡಿಯ ಮೇಲಿನ ಗುಡ್ಡ

ಗದಗಿನಲ್ಲಿ ಉಟ್ಟ ಬಟ್ಟೆಯ ದಡಿಯ ಮೇಲೆ, ಅಂಚಿನುದ್ದಕ್ಕೂ, ಆ ದಿನದ ಓಡಾಟದ ಗೆರೆ ತಾನಾಗಿ ಮೂಡುತ್ತದೆ. ಒಗೆದರೆ ಹೋಗುವುದಿಲ್ಲ, ಬಿಸಿ ಇಸ್ತ್ರಿ ತಾಗಿದರಷ್ಟೇ ಅಳಿಯುತ್ತದೆ. ಹೀಗಾಗಿ ಇಸ್ತ್ರಿ ಅಂಗಡಿಯ ರಾಚವ್ವನಿಗೆ ಓಣಿಯವರೆಲ್ಲರ ಓಡಾಟವೂ ಗೊತ್ತು.

ನೀಲಗಂಗವ್ವ ಗಂಡನ ಧೋತರವನ್ನು ಮೇಜಿನ ಮೇಲೆ ಕುಕ್ಕಿದಳು. ದಡಿಯ ಮೇಲೆ ಗೆರೆ ನಿಧಾನ ಏರಿ, ನೆತ್ತಿಯಲ್ಲಿ ಸಮತಟ್ಟಾಗಿ, ಥಟ್ಟನೆ ಇಳಿದಿತ್ತು.

"ಮೊಣಕಾಲು ಸೋತಾವು, ಗುಡ್ಡಾ ಹತ್ತಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ರೂ ನಮ್ಮವರು ಹತ್ತ್ಯಾರ ನೋಡು! ಆ ಇಳಿಜಾರಿನ್ಯಾಗ ಕಾಲು ಜಾರಿದ್ರ ಏನ ಗತಿ?"

ರಾಚವ್ವ ನಕ್ಕಳು. "ಗುಡ್ಡ ಅಲ್ರೀ ಯವ್ವಾ. ಗೆರಿ ಏರಿದ್ರ ಮನಿಯಿಂದ ದೂರ ಹೋದಂಗ. ಅಡ್ಡ ಮಲಗಿದ್ರ ಒಂದ ಕಡೆ ನಿಂತಂಗ. ಇಳಿದ್ರ ಮನಿಗೆ ಹೊಳ್ಳಿ ಬಂದಂಗ."

"ಮತ್ತ ಇಷ್ಟ್ಯಾಕ ಕಡಿದು?"

"ವಾಚನಾಲಯಕ್ಕ ಹೋಗಾಕ ಒಂದು ತಾಸು ತಗೊಂಡಾರ. ಅದ ದಾರಿ, ಬರೂವಾಗ ಅರ್ಧ ತಾಸು. ಸಂಜೀಮುಂದ ದಡದಡ ಬಂದಾರ."

"ಯಾಕ, ನಾಯಿ ಬೆನ್ನ ಹತ್ತಿತ್ತೇನ?"

"ದಿನಾ ಹಿಂಗ ಬರ್ತಾರ್ರೀ. ಮನ್ಯಾಗ ಯಾರ ಅದಾರ ಅಂತ ನೀವ ಹೇಳ್ರಿ."

ನೀಲಗಂಗವ್ವನ ಕಣ್ಣು ಚೀಲದಲ್ಲಿದ್ದ ತನ್ನ ಸೀರೆಯ ಮೇಲೆ ಬಿತ್ತು. ಅದರ ಗೆರೆ ದಿನವಿಡೀ ತಳಕ್ಕೆ ಅಂಟಿಕೊಂಡಿತ್ತು. ಸಂಜೆ ಆರಕ್ಕೆ ಮಾತ್ರ ಓಣಿಯ ತಿರುವಿನಷ್ಟು ದೂರಕ್ಕೆ ಏರಿ, ಬಹಳ ಹೊತ್ತು ಅಲ್ಲೇ ಅಡ್ಡ ಮಲಗಿತ್ತು.

ಅವಳು ಸೀರೆಯನ್ನು ಮೆಲ್ಲಗೆ ಒಳಗೆ ತುರುಕಿದಳು. "ಇದಕ್ಕ ಇಸ್ತ್ರಿ ಬ್ಯಾಡ ಬಿಡು."

"ಕೊಡ್ರಿ ಯವ್ವಾ," ರಾಚವ್ವ ಕೈ ಚಾಚಿದಳು. "ಆ ಗೆರಿನೂ ದಿನಾ ಅಳಸಾಕಿ ನಾನ."