ತುತ್ತು ಕೊಟ್ಟ ಕೈ

ಸರ್ಕಾರ ಮನೆಮನೆಗೂ ಕೂಡಿಸಿಕೊಟ್ಟ ಕಮೋಡು ಉಚ್ಚೆ ನೋಡಿಯೇ ಹೇಳುತ್ತಿತ್ತು: ತಲೆಯಲ್ಲಿ ಹುಳುವಿದ್ದರೆ ನೀರು ಕೆಂಪು, ಹೊಟ್ಟೆಯಲ್ಲಿದ್ದರೆ ನೀಲಿ. ಸೊಸೆ ಕಸ್ತೂರಿಯದು ಕೆಂಪಾದಂದಿನಿಂದ ದ್ಯಾಮವ್ವ ಅವಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹುಳು ಹೊಕ್ಕ ತಲೆ, ಫಿಟ್ಸ್ ಬಂದಾಗ ಬಾಯಿಂದ ಇಳಿಯುವ ನೊರೆ, ಥೂ! ಸೊಸೆಯ ತಾಟನ್ನು ಬಚ್ಚಲ ಮೂಲೆಗೆ ಒಗೆದು, ಅವಳಿಗೆ ಅಡುಗೆಮನೆಯ ಹೊಸ್ತಿಲು ತುಳಿಯಗೊಡಲಿಲ್ಲ. ತಾನು ಮಾತ್ರ ಆ ಹೊಲಸು ಯಂತ್ರದ ಮೇಲೆ ಕೂರದೆ ಹಿತ್ತಲಿಗೇ ಹೋಗುತ್ತಿದ್ದಳು.

ಇಂದು ನರ್ಸು ಬಂದು ಬಾಗಿಲಲ್ಲೇ ನಿಂತಳು. "ಮನ್ಯಾಗ ಒಬ್ರಿಗೆ ಕೆಂಪು ಬಂತಂದ್ರ ಎಲ್ಲಾರೂ ಅದರ ಮ್ಯಾಲ ಕೂಡಬೇಕ್ರಿ, ಅಮ್ಮಾ."

ದ್ಯಾಮವ್ವ ಮೂಗು ಮುಚ್ಚಿಕೊಂಡು ಕೂತೆದ್ದಳು. ನೀರು ನೀಲಿಯಾಗಿತ್ತು.

"ನಿಮ್ಮ ಹೊಟ್ಟ್ಯಾಗಿನ ಹುಳದ ತತ್ತಿನೇ ಆಕಿ ಹೊಟ್ಟಿಗೆ ಹೋಗಿ ತಲಿಗೇರ್ಯಾವ," ಎಂದಳು ನರ್ಸು. "ಆಕಿಗೆ ಕೈಯಾರೆ ಉಣಸಾವ್ರು ಯಾರ್ರೀ?"

ದ್ಯಾಮವ್ವ ತನ್ನ ಬಲಗೈ ನೋಡಿಕೊಂಡಳು. ಸೊಸೆ ಮನೆ ತುಂಬಿದಂದಿನಿಂದ ನೀರು ಕೆಂಪಾಗುವವರೆಗೂ, ದಿನದ ಮೊದಲ ತುತ್ತು ಕಲಸಿ ಅವಳ ಬಾಯಿಗೆ ಇಡುತ್ತಿದ್ದುದು ಇದೇ ಕೈ.

"ಆಯಿ, ತುತ್ತು!" ಮೊಮ್ಮಗಳು ಓಡಿಬಂದು ಎದುರಿಗೆ ಬಾಯಿ ತೆರೆದು ನಿಂತಳು.

ದ್ಯಾಮವ್ವ ಹಿಂದೆ ಸರಿದು ಗೋಡೆಗೆ ಒರಗಿದಳು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವಳಂತೆ, ತನ್ನ ಬಲಗೈಯನ್ನು ಮೈಯಿಂದ ದೂರ ಚಾಚಿಕೊಂಡೇ ನಿಂತಳು.