ಬುಧವಾರದ ಹವಾಲ್ದಾರ

ಮಂಗಳನ ಮೇಲಿನ ಆ ಕಾಲೊನಿಯಲ್ಲಿ ದಂಡಿನ ಖರ್ಚನ್ನು ಕಾಲೊನಿಯವರೂ ಭೂಮಿಯ ಸರ್ಕಾರವೂ ಅರ್ಧರ್ಧ ಹೊರಬೇಕೆಂದು ತೀರ್ಮಾನವಾದ ಮೇಲೆ, ಸಿಪಾಯಿಗಳನ್ನೂ ಹಾಗೇ ಹಂಚಿಕೊಂಡಿದ್ದರು. ಸೋಮವಾರದಿಂದ ಬುಧವಾರದವರೆಗೆ ಕಾಲೊನಿಯ ಊಟ, ಕಾಲೊನಿಯ ಅಪ್ಪಣೆ. ಗುರುವಾರದಿಂದ ಶನಿವಾರದವರೆಗೆ ಸರ್ಕಾರದ ಊಟ, ಸರ್ಕಾರದ ಅಪ್ಪಣೆ. ಭಾನುವಾರ ಅವರನ್ನು ಕೇಳುವವರೇ ಇರಲಿಲ್ಲ.

ಬುಧವಾರ ಮಧ್ಯಾಹ್ನ ಹವಾಲ್ದಾರ ಉತ್ತಯ್ಯ ಕಾಲೊನಿಯ ನೀಲವ್ವನ ಮನೆಯಲ್ಲಿ ನಾಲ್ಕನೆಯ ರೊಟ್ಟಿ ಮುರಿಯುತ್ತಾ, "ನಾಳೆ ನಿಮ್ಮ ಮನೆ ತಪಾಸಣೆಗೆ ಬರ್ತೀನಿ ಅವ್ವಾ. ಗಿಡ ಸಿಕ್ಕಿದ್ರೆ ಜಪ್ತಿ ಮಾಡ್ಬೇಕು," ಅಂದ.

ಮನೆಯಲ್ಲಿ ಗಿಡ ಬೆಳೆಸಿ ನೀರು ದಂಡ ಮಾಡುವುದು ಸರ್ಕಾರದ ಕಾನೂನಿನಂತೆ ಅಲ್ಲಿ ಅಪರಾಧ. ನೀಲವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಮಂಚದ ಹಿಂದೆ ಬಚ್ಚಿಟ್ಟ ಬದನೆಗಿಡ ಎರಡು ವರ್ಷಕ್ಕೆ ಈಗಷ್ಟೇ ನಾಲ್ಕು ಕಾಯಿ ಬಿಟ್ಟಿತ್ತು.

"ನನ್ನ ರೊಟ್ಟಿ ತಿಂದು ನನ್ನ ಗಿಡಾನ ಕೀಳ್ತೀ ಏನಪಾ?"

"ಅದು ನಾಳೆ. ಇವತ್ತು ನಾನು ನಿಮ್ಮವನು. ಏನು ಮಾಡ್ಲಿ ಹೇಳಿ."

ನೀಲವ್ವ ಹೇಳಿದಳು. ಉತ್ತಯ್ಯ ಕೈ ತೊಳೆದು, ಬದನೆಗಿಡದ ಕುಂಡವನ್ನು ಕೋಟಿನೊಳಗೆ ಅಡಗಿಸಿಕೊಂಡು ತನ್ನ ಬ್ಯಾರಕ್ಕಿಗೆ ಹೊರಟ.

ಗುರುವಾರ ಬಂದವನು ಅವಳ ಗುರುತೇ ಇಲ್ಲದವನಂತೆ ಮಂಚ ಸರಿಸಿ, ಹಿಟ್ಟಿನ ಡಬ್ಬಿಗೂ ಕೈ ಹಾಕಿ ಹುಡುಕಿದ. ಮನೆಯಲ್ಲಿ ಏನೂ ಇಲ್ಲವೆಂದು ಬರೆದುಕೊಂಡ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಭಾನುವಾರ ಹಸಿದುಕೊಂಡು, ಕುಂಡದ ಸಮೇತ ಬಾಗಿಲಲ್ಲಿ ನಿಂತ. ನೀಲವ್ವ ಎಲೆ ಸರಿಸಿ ನೋಡಿದಳು.

"ನಾಕ ಇದ್ವಲ್ಲೋ, ಮೂರ ಅದಾವ."

"ನಿನ್ನೆ ನಾನು ಸರ್ಕಾರದವನಲ್ವಾ ಅವ್ವಾ," ಅಂದ ಉತ್ತಯ್ಯ, ತಲೆ ತಗ್ಗಿಸಿ. "ಒಂದನ್ನ ಜಪ್ತಿ ಮಾಡ್ಬೇಕಾಯ್ತು."